ವಕಾಲತ್ತು ಮತ್ತು ಸಾಕ್ಷಿ: ದೀಪಾ ಧನರಾಜ ಅವರ ಸಾಕ್ಷ್ಯಚಿತ್ರಗಳು

ನ್ಯಾಯಾಲಯದಲ್ಲಿ ವಕೀಲನ ಸ್ಥಾನ ಬೇರೆ, ಸಾಕ್ಷಿಯ ಸ್ಥಾನ ಬೇರೆ. ಸಾಕ್ಷಿಯಾದವನು ತಾನು ಕಣ್ಣಾರೆ ಕಂಡುದನ್ನಷ್ಟೇ ಹೇಳಬೇಕು. ಕಂಡುದಕ್ಕಿಂತ ಒಂದು ಮಾತು ಹೆಚ್ಚು ಹೇಳಿದರೂ ಅವನ ಸಾಕ್ಷ್ಯ ಕೆಡುತ್ತದೆ. ವಕೀಲನಾದರೋ ಪಕ್ಷಗಾರನ ಪರವಾಗಿ ನಿಂತು ಅವನ ಮಾತನ್ನು ತಾನು ಆಡುತ್ತಾನೆ. ಒಂದೇ ಖಟ್ಲೆಯಲ್ಲಿ ಒಬ್ಬನೇ ಎರಡೂ ಆಗಬಾರದೆಂಬುದು ನ್ಯಾಯಾಲಯದ ಸಂಪ್ರದಾಯ. ಆದರೆ ಸಾಕ್ಷ್ಯಚಿತ್ರವೆಂಬ ಕಲೆಯಲ್ಲಿ ಈ ಎರಡು ಪಾತ್ರಗಳೂ ಮೇಲಿಂದ ಮೇಲೆ ಒಂದರೊಳಗೊಂದು ಬೆರೆಯುತ್ತವೆ. ಅದರ ಹೆಸರಿನಲ್ಲಿಯೇ ಸಾಕ್ಷ್ಯವಿದೆ; ಅದನ್ನು ತೆಗೆಯುವವರ ಮನಸ್ಸಿನಲ್ಲಿ ಬಹುಸಲ ವಕಾಲತ್ತು ಇರುತ್ತದೆ. ಒಂದು ಪಕ್ಷವನ್ನು ಹಿಡಿದವರ ಸಾಕ್ಷ್ಯವನ್ನು ನಾವು ಎಷ್ಟರ ಮಟ್ಟಿಗೆ ನಂಬಬೇಕು? ನಂಬುವಂತಿದ್ದರೆ ಆ ನಂಬಿಕೆ ಯಾವದರಿಂದ ಹುಟ್ಟುತ್ತದೆ? ಬೆಂಗಳೂರಿನ ಚಿತ್ರನಿರ್ಮಾತೃ ಶ್ರೀಮತಿ ದೀಪಾ ಧನರಾಜ ಅವರ ನಾಲ್ಕು ದಶಕಗಳ ಕೃತಿಗಳನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಯನ್ನು ವಿವೇಚಿಸುವದು ಈ ಲೇಖನದ ಉದ್ದೇಶ.

ಕುಂಭಾರಿಯಲ್ಲಿ ಕುಳಿತು ಬೆಂಗಳೂರಿನ ಚಿತ್ರಗಾರ್ತಿಯ ವಿಷಯವನ್ನು ಎತ್ತುವದೇಕೆಂದು ಶಿಕ್ಷಕ ಬಂಧುಗಳು ಕೇಳಬಹುದು. ಕಾರಣ ನಮ್ಮ ಕಣ್ಣೆದುರಿಗೇ ಇದೆ. ಸೊಲ್ಲಾಪುರದಿಂದ ಅಕ್ಕಲಕೋಟೆಗೆ ಹೋಗುವ ರಸ್ತೆಯಲ್ಲಿ ನಮ್ಮೂರಿನ ಭೂಮಿಯ ಮೇಲೆ ಎದ್ದ ವಸಾಹತಿಗೆ ಕಾಮ್ರೇಡ್ ಗೋದೂತಾಯಿ ಪರುಳೇಕರ ಅವರ ಹೆಸರಿದೆ. ಬೀಡಿ ಕಟ್ಟುವ ಹೆಣ್ಣುಮಕ್ಕಳಿಗಾಗಿ ಕಟ್ಟಿದ ಅದರ ಹತ್ತು ಸಾವಿರ ಮನೆಗಳನ್ನು 2006ರಲ್ಲಿ ಅಂದಿನ ಪ್ರಧಾನಮಂತ್ರಿ ಮನಮೋಹನ ಸಿಂಗರು ಒಪ್ಪಿಸಿಕೊಟ್ಟರು. ಅದರ ಬಳಿಕ ರಾಯನಗರದ ಮೂವತ್ತು ಸಾವಿರ ಮನೆಗಳ ಯೋಜನೆ ಬಂತು. ಅದರಲ್ಲಿ ಹದಿನೈದು ಸಾವಿರ ಮನೆಗಳನ್ನು 2024ರ ಜನೇವರಿ 19ರಂದು ಪ್ರಧಾನಮಂತ್ರಿ ನರೇಂದ್ರ ಮೋದಿಯವರು ಒಪ್ಪಿಸಿದರು. ನಮ್ಮ ತರಗತಿಗಳಲ್ಲಿ ಕುಳಿತಿರುವ ಮಕ್ಕಳಲ್ಲಿ ಅನೇಕರು ಹೊಗೆಸೊಪ್ಪಿನ ವಾಸನೆಯ ನಡುವೆ ಬೆಳೆದವರು. ದೀಪಾ ಧನರಾಜ ಅವರ ಮೊದಮೊದಲಿನ ಚಿತ್ರಗಳಲ್ಲೊಂದು ಇದೇ ಹೊಗೆಸೊಪ್ಪಿನ ಧೂಳಿನಲ್ಲಿ ದುಡಿದವರನ್ನು ಕುರಿತದ್ದು; ಅದೂ ಗಡಿಯ ಇನ್ನೊಂದು ಊರಾದ ನಿಪ್ಪಾಣಿಯದು. ಆದುದರಿಂದ ಈ ವಿಮರ್ಶೆ ದೂರದವರ ಕಥೆಯಲ್ಲ.

ಕಾಲದ ಹಿನ್ನೆಲೆ

ದೀಪಾ ಧನರಾಜ ಅವರ ಕಾರ್ಯ ಆರಂಭವಾದ ಕಾಲವನ್ನು ನೆನೆಯದೆ ಅವರ ಚಿತ್ರಗಳನ್ನು ತಿಳಿಯುವದು ಸಾಧ್ಯವಿಲ್ಲ. 1975ರಿಂದ 1977ರ ವರೆಗಿನ ತುರ್ತು ಪರಿಸ್ಥಿತಿ ಆಗತಾನೆ ಮುಗಿದಿತ್ತು. ಮಹಾರಾಷ್ಟ್ರದ ಮಥುರಾ ಎಂಬ ಆದಿವಾಸಿ ಹುಡುಗಿಯ ಮೇಲೆ ಪೋಲೀಸ ಠಾಣೆಯಲ್ಲಿ ಅತ್ಯಾಚಾರವೆಸಗಿದ ಆರೋಪ ಹೊತ್ತಿದ್ದ ಇಬ್ಬರು ಪೋಲೀಸರನ್ನು ಸರ್ವೋಚ್ಚ ನ್ಯಾಯಾಲಯ 1978ರಲ್ಲಿ ಬಿಡುಗಡೆ ಮಾಡಿತು. ಹುಡುಗಿ ಪ್ರತಿಭಟಿಸಿದ ಗುರುತು ಮೈಮೇಲೆ ಇಲ್ಲವೆಂಬುದು ಆ ತೀರ್ಪಿನ ಒಂದು ಆಧಾರ. 1979ರಲ್ಲಿ ಉಪೇಂದ್ರ ಬಕ್ಷಿ, ಲೋತಿಕಾ ಸರಕಾರ, ವಸುಧಾ ಧಗಮವಾರ, ರಘುನಾಥ ಕೇಳಕರ ಎಂಬ ನಾಲ್ವರು ಕಾನೂನಿನ ಅಧ್ಯಾಪಕರು ಮುಖ್ಯ ನ್ಯಾಯಮೂರ್ತಿಗಳಿಗೆ ಒಂದು ಬಹಿರಂಗ ಪತ್ರ ಬರೆದರು. ಅದರಿಂದೆದ್ದ ಚಳವಳಿಯ ಫಲವಾಗಿ 1983ರಲ್ಲಿ ಕಾನೂನೇ ಬದಲಾಯಿತು. ಆ ಪತ್ರಕ್ಕೆ ಸಹಿ ಹಾಕಿದವರು ಪಾಠ ಹೇಳುವ ಮಾಸ್ತರರೆಂಬುದನ್ನು ನಾವು ಮರೆಯಬಾರದು. ಹೆಣ್ಣಿನ ಮಾತು ನ್ಯಾಯಾಲಯದಲ್ಲಿ ಸಾಕ್ಷ್ಯವೆನಿಸುವದಿಲ್ಲವೆಂದ ಮೇಲೆ ಅದು ಸಾಕ್ಷ್ಯವೆನಿಸುವ ಬೇರೆ ಸ್ಥಳ ಯಾವದು? ಇದು ಆ ಕಾಲದ ಪ್ರಶ್ನೆ.

ಇಂಥ ಹೊತ್ತಿನಲ್ಲಿ, 1980ರಲ್ಲಿ, ದೀಪಾ ಧನರಾಜ, ಆಭಾ ಭೈಯಾ, ಮೀರಾ ರಾವ, ಛಾಯಾಗ್ರಾಹಕ ನವರೋಜ ಕಾಂಟ್ರಾಕ್ಟರ ಇವರು ಕೂಡಿ 'ಯುಗಾಂತರ' ಎಂಬ ಚಿತ್ರ ಬಳಗವನ್ನು ಕಟ್ಟಿದರು. ಮಣಿ ಕೌಲರ 'ದುವಿಧಾ' ಚಿತ್ರಕ್ಕೆ ಛಾಯಾಗ್ರಹಣ ಮಾಡಿದ ಕೈ ನವರೋಜರದು. ಬಾಳಸಂಗಾತಿಯಾಗಿ, ಕ್ಯಾಮರಾದ ಸಂಗಾತಿಯಾಗಿ ಅವರು 2023ರಲ್ಲಿ ತೀರಿಕೊಳ್ಳುವ ವರೆಗೆ ದೀಪಾ ಅವರ ಜೊತೆಗಿದ್ದರು. ಬಳಗ ಬಾಳಿದ್ದು ಮೂರು ನಾಲ್ಕು ವರ್ಷ. ತೆಗೆದದ್ದು ನಾಲ್ಕು ಕಿರುಚಿತ್ರ. ಆದರೆ ಆ ನಾಲ್ಕರಲ್ಲಿ ಒಂದು ಪದ್ಧತಿಯೇ ಹುಟ್ಟಿತು.

ಆ ಪದ್ಧತಿಯ ಹೊಸತನ ತಿಳಿಯಬೇಕಾದರೆ ಹಿಂದಿನದನ್ನು ನೆನೆಯಬೇಕು. 1948ರಲ್ಲಿ ಸ್ಥಾಪನೆಯಾದ ಸರಕಾರದ ಫಿಲ್ಮ್ಸ್ ಡಿವಿಜನ್ನಿನ ವಾರ್ತಾಚಿತ್ರಗಳನ್ನು ಟಾಕೀಜುಗಳಲ್ಲಿ ಕಡ್ಡಾಯವಾಗಿ ತೋರಿಸುತ್ತಿದ್ದ ಕಾಲವನ್ನು ಹಿರಿಯರು ಬಲ್ಲರು. ಅಣೆಕಟ್ಟು ಏಳುತ್ತಿತ್ತು, ಯಂತ್ರ ತಿರುಗುತ್ತಿತ್ತು, ಹೆಣ್ಣುಮಕ್ಕಳು ಬುಟ್ಟಿ ಹೊತ್ತು ಸಾಲಾಗಿ ನಡೆಯುತ್ತಿದ್ದರು. ಮೇಲಿನಿಂದ ಕಾಣದ ಒಂದು ಗಂಭೀರ ಧ್ವನಿ ಅದರ ಅರ್ಥವನ್ನು ಹೇಳುತ್ತಿತ್ತು. ಬುಟ್ಟಿ ಹೊತ್ತವಳು ಬಾಯಿ ತೆರೆದು ಮಾತಾಡುವದು ಅಪರೂಪ. ಅವಳು ಚಿತ್ರವಾಗಿದ್ದಳು, ಸಾಕ್ಷಿಯಾಗಿರಲಿಲ್ಲ. ಯುಗಾಂತರದವರು ಮೊದಲು ಮಾಡಿದ ಕೆಲಸವೆಂದರೆ ಆ ಕಾಣದ ಧ್ವನಿಯ ಅಧಿಕಾರವನ್ನು ಇಳಿಸಿದ್ದು.

ನಿಪ್ಪಾಣಿಯ ಕಾವು

ಬಳಗದ ಮೊದಲ ಚಿತ್ರ 'ಮೋಲಕರೀಣ' (1981), ಪುಣೆಯ ಮನೆಗೆಲಸದ ಹೆಣ್ಣುಮಕ್ಕಳು ಸಂಘಟಿತರಾದ ವಿಷಯ. ಎರಡನೆಯದು 'ತಂಬಾಕೂ ಚಾಕೀಲಾ ಊಬ ಆಲೀ' (1982). ನಿಪ್ಪಾಣಿಯ ತಂಬಾಕಿನ ವಖಾರಗಳಲ್ಲಿ ಕುಟ್ಟುವ, ಸಾಣಿಸುವ, ಕೇರುವ ಹೆಣ್ಣುಮಕ್ಕಳು ಆ ವರ್ಷಗಳಲ್ಲಿ ಸಾವಿರಗಟ್ಟಲೆ ಸಂಘ ಸೇರಿದ್ದರು. ಚಿತ್ರ ತೆಗೆಯುವವರು ಸುಮಾರು ನಾಲ್ಕು ತಿಂಗಳು ಅವರೊಡನಿದ್ದು, ಅವರ ಸಭೆಗಳಲ್ಲಿ ಕುಳಿತು, ಏನನ್ನು ತೋರಿಸಬೇಕು, ಯಾವದನ್ನು ಹೇಳಬೇಕು ಎಂಬುದನ್ನು ಅವರೊಡನೆಯೇ ಚರ್ಚಿಸಿ ಚಿತ್ರ ಕಟ್ಟಿದರು. ಅರ್ಧ ಗಂಟೆಯೂ ಮುಟ್ಟದ ಈ ಚಿತ್ರದಲ್ಲಿ ವಖಾರದ ಒಳಗಿನ ದುಡಿತವಿದೆ, ಅದರ ಧೂಳಿದೆ, ಕಡಿಮೆ ಕೂಲಿಯ ಲೆಕ್ಕವಿದೆ, ಮೇಲ್ವಿಚಾರಕರ ಕಾಟದ ಮಾತಿದೆ. ಕೊನೆಗೆ ಒಟ್ಟುಗೂಡಿ ಬೀದಿಗಿಳಿದ ಹೆಣ್ಣುಮಕ್ಕಳ ದಂಡಿದೆ.

ಹೆಸರಿನಲ್ಲಿರುವ 'ಊಬ' ಎಂಬ ಮರಾಠಿ ಮಾತಿಗೆ ಬೆಚ್ಚನೆಯ ಕಾವು ಎಂದರ್ಥ. ಒಟ್ಟಿದ ಹೊಗೆಸೊಪ್ಪು ಹೊರಗಿನಿಂದ ಬೆಂಕಿ ತಾಕಿಸದಿದ್ದರೂ ಒಳಗಿಂದೊಳಗೆ ಕಾಯುತ್ತದೆಂಬುದು ಅದನ್ನು ಬೆಳೆದವರಿಗೆಲ್ಲ ಗೊತ್ತು. ಹೊರಗಿನವರು ಬಂದು ಕಿಡಿ ಹಚ್ಚಿದರೆಂಬ ಆಕ್ಷೇಪಕ್ಕೆ ಇದಕ್ಕಿಂತ ಒಳ್ಳೆಯ ಉತ್ತರವಿಲ್ಲ. ಕಾವು ಒಟ್ಟಿಲಲ್ಲಿಯೇ ಇತ್ತು. ಚಿತ್ರ ಅದರೊಳಗೆ ಕೈಯಿಟ್ಟು ನೋಡಿತು.

ಇಲ್ಲಿ ಇನ್ನೊಂದು ಸಂಗತಿಯನ್ನು ನೆನೆಯಬೇಕು. ಅದೇ ನಿಪ್ಪಾಣಿಯಲ್ಲಿ 1981ರಲ್ಲಿ ಶರದ ಜೋಶಿಯವರ ನೇತೃತ್ವದಲ್ಲಿ ತಂಬಾಕು ಬೆಳೆಗಾರರ ದೊಡ್ಡ ಚಳವಳಿ ನಡೆಯಿತು. ಏಪ್ರಿಲ 6ರಂದು ಗೋಲೀಬಾರಾಗಿ ಹಲವರು ರೈತರು ಪ್ರಾಣ ತೆತ್ತರು. ಆ ಬಲಿದಾನವನ್ನು ನಾಡು ನೆನೆಯುತ್ತದೆ, ನೆನೆಯತಕ್ಕದ್ದೇ. ಆದರೆ ರೈತ ಬೆಳೆದ ಸೊಪ್ಪು ವಖಾರಕ್ಕೆ ಹೋದ ಮೇಲೆ ಅದನ್ನು ಎದೆಯೊಳಗೆ ಎಳೆದುಕೊಳ್ಳುತ್ತ ಕೇರಿದವಳ ಕಥೆಗೆ ಈ ಪುಟ್ಟ ಚಿತ್ರದಂಥ ಸಾಕ್ಷಿಗಳು ಕಡಿಮೆ. ವಿಮರ್ಶಕನು ಕೃತಿಯ ಗಾತ್ರವನ್ನು ಅಳೆಯುವಾಗ ಅದು ಇರದಿದ್ದರೆ ಏನು ಕಳೆದುಹೋಗುತ್ತಿತ್ತೆಂಬುದನ್ನೂ ಅಳೆಯಬೇಕು.

ಒಂದು ಆಕ್ಷೇಪ

ಯುಗಾಂತರದ ಚಿತ್ರಗಳ ಮೇಲೆ ಎತ್ತಬಹುದಾದ ದೊಡ್ಡ ಆಕ್ಷೇಪ ಇದು: ಅವುಗಳಲ್ಲಿ ಕೆಲವು ಸಂಗತಿಗಳು ನಡೆದಾಗ ತೆಗೆದವಲ್ಲ, ನಡೆದುದನ್ನು ಅದನ್ನು ಅನುಭವಿಸಿದವರೇ ಮತ್ತೆ ಅಭಿನಯಿಸಿ ತೋರಿಸಿದವು. ಮೂರನೆಯ ಚಿತ್ರವಾದ ತೆಲುಗಿನ 'ಇದಿ ಕಥಾ ಮಾತ್ರಮೇನಾ' (1983) ಅಂತೂ ಹೈದರಾಬಾದಿನ ಸ್ತ್ರೀ ಶಕ್ತಿ ಸಂಘಟನೆಯವರೊಡನೆ ಕೂಡಿ ಕಟ್ಟಿದ ಕಥೆಯೇ; ಮನೆಯೊಳಗಿನ ಹಿಂಸೆ ಅದರ ವಿಷಯ. ಅಭಿನಯಿಸಿದುದು ಸಾಕ್ಷ್ಯ ಹೇಗಾದೀತು?

ಈ ಆಕ್ಷೇಪವನ್ನು ಹಗುರಾಗಿ ತಳ್ಳಿಹಾಕುವಂತಿಲ್ಲ. ಬೇರೆಯವರ ನೋವನ್ನು ನಟನಿಂದ ಆಡಿಸಿ ಇದೇ ಸತ್ಯವೆಂದು ತೋರಿಸಿದರೆ ಅದು ಮೋಸ. ಆದರೆ ಸಾಕ್ಷಿಕಟ್ಟೆಯ ಮೇಲೆ ನಿಂತವನಾದರೂ ಮಾಡುವದೇನು? ಆಗಿಹೋದ ಸಂಗತಿಯನ್ನು ನೆನಪಿನಿಂದ ಎತ್ತಿ ಮತ್ತೊಮ್ಮೆ ಹೇಳುತ್ತಾನೆ. ಹೇಳುವಾಗ ಕೈ ಬೀಸಿ, ಹೀಗೆ ನಿಂತಿದ್ದೆ, ಹೀಗೆ ಹಿಡಿದ ಎಂದು ತೋರಿಸುತ್ತಾನೆ. ಮಾಡಿ ತೋರಿಸಿದ್ದರಿಂದ ಅದು ಸುಳ್ಳಾಗುವದಿಲ್ಲ. ಅನುಭವಿಸಿದವನು ಬೇರೆಯಾಗಿ, ತೋರಿಸುವವನು ಬೇರೆಯಾದಾಗ ಮಾತ್ರ ಸಂಶಯಕ್ಕೆ ಎಡೆ. ಪುಣೆಯ, ನಿಪ್ಪಾಣಿಯ ಚಿತ್ರಗಳಲ್ಲಿ ಅವರಿಬ್ಬರೂ ಒಬ್ಬರೇ. 'ಇದಿ ಕಥಾ' ತನ್ನ ಹೆಸರಿನಲ್ಲಿಯೇ ಇದು ಬರೀ ಕಥೆಯೇ ಎಂದು ಕೇಳಿ ನೋಡುಗರಿಗೆ ಎಚ್ಚರ ಹೇಳುತ್ತದೆ. ಆದುದರಿಂದ ಇಲ್ಲಿ ಪುನರಭಿನಯ ದೋಷವಲ್ಲ, ನೆನಪಿನ ಒಂದು ರೀತಿ ಎಂಬುದು ನಮ್ಮ ಅಭಿಪ್ರಾಯ.

ಎದುರು ಪಕ್ಷವನ್ನೂ ಕೇಳುವದು

ಬಳಗ ಚದುರಿದ ಮೇಲೆ ದೀಪಾ ಧನರಾಜ ಅವರ ಕ್ಷೇತ್ರ ಹಿರಿದಾಯಿತು. 1984ರ ಹೈದರಾಬಾದಿನ ಕೋಮು ಗಲಭೆಗಳನ್ನು ಕುರಿತ 'ಕ್ಯಾ ಹುವಾ ಇಸ ಶಹರ ಕೋ?' (1986) ಅವರ ಪ್ರೌಢಿಮೆಯ ಮೊದಲ ಕೃತಿ. ನಿಪ್ಪಾಣಿಯಲ್ಲಿ ಒಂದೇ ಪಕ್ಷದವರ ನಡುವೆ ಕುಳಿತವರು ಇಲ್ಲಿ ಎರಡೂ ಕಡೆಯ ಮುಂದಾಳುಗಳ ಮಾತನ್ನು ಕೇಳಿಸುತ್ತಾರೆ. ಕರ್ಫ್ಯೂ ಹೇರಿದ ಓಣಿಗಳಲ್ಲಿ ದಿನಗೂಲಿಯಿಲ್ಲದೆ ಕುಳಿತ ಬಡವರನ್ನೂ ತೋರಿಸುತ್ತಾರೆ. ಮುಂದಾಳುಗಳನ್ನು ಬೈಯುವ ಶ್ರಮ ಚಿತ್ರಕ್ಕೆ ಬೇಕಾಗುವದಿಲ್ಲ. ಅವರ ಮಾತಿನ ಪಕ್ಕದಲ್ಲಿ ಈ ಓಣಿಯನ್ನು ಇಟ್ಟರೆ ಸಾಕಾಗುತ್ತದೆ. ಒಳ್ಳೆಯ ವಕೀಲ ಎದುರು ಪಕ್ಷದ ಸಾಕ್ಷಿಯ ಬಾಯಿಂದಲೇ ನಿಜವನ್ನು ಹೊರಡಿಸುವ ರೀತಿ ಇದು.

1991ರ 'ಸಮಥಿಂಗ್ ಲೈಕ್ ಅ ವಾರ್' ಕುಟುಂಬ ಯೋಜನೆಯ ಹೆಸರಿನಲ್ಲಿ ಹೆಣ್ಣುಮಕ್ಕಳ ಮೈಮೇಲೆ ನಡೆದ ಬಲವಂತವನ್ನು ಕುರಿತದ್ದು. ಒಂದು ಕಡೆ ಶಸ್ತ್ರಕ್ರಿಯೆಯ ಶಿಬಿರ, ಅಲ್ಲಿ ಹೆಣ್ಣುಮಕ್ಕಳ ಸರತಿ, ತಾನು ಮಾಡಿದ ಶಸ್ತ್ರಕ್ರಿಯೆಗಳ ಸಂಖ್ಯೆಯನ್ನು ಹೆಮ್ಮೆಯಿಂದ ಹೇಳುವ ವೈದ್ಯ. ಇನ್ನೊಂದು ಕಡೆ ಹಳ್ಳಿಯ ಹೆಣ್ಣುಮಕ್ಕಳು ಕೂಡಿ ಕುಳಿತು ತಮ್ಮ ದೇಹ, ಬಯಕೆ, ಬಸಿರುಗಳ ವಿಷಯವನ್ನು ಸಂಕೋಚ ಬಿಟ್ಟು ಮಾತಾಡುವದು. ಸಂಖ್ಯೆಗೂ ಮನುಷ್ಯಳಿಗೂ ಇರುವ ಅಂತರ ಇದಕ್ಕಿಂತ ಸ್ಪಷ್ಟವಾಗಿ ಮೂಡುವದು ಕಷ್ಟ. 1976ರಲ್ಲಿ ಹಲವು ರಾಜ್ಯಗಳಲ್ಲಿ ಶಾಲಾಮಾಸ್ತರರಿಗೂ ಇಂತಿಷ್ಟು ಜನರನ್ನು ಶಸ್ತ್ರಕ್ರಿಯೆಗೆ ಕರೆತರಬೇಕೆಂದು ಗುರಿ ಗೊತ್ತುಮಾಡಿದ್ದರು. ಮಹಾರಾಷ್ಟ್ರದ ವಿಧಾನಮಂಡಲ ಕಡ್ಡಾಯ ಸಂತಾನಹರಣದ ಮಸೂದೆಯನ್ನೇ ಅಂಗೀಕರಿಸಿತ್ತು. ಆ ಕಾಲದ ಮಾಸ್ತರನು ಬಲವಂತಕ್ಕೆ ಗುರಿಯಾದವನೂ ಹೌದು, ಅದರ ಕೈಯಾದವನೂ ಹೌದು. ಈ ಚಿತ್ರವನ್ನು ಶಿಕ್ಷಕರು ಪರರ ತಪ್ಪೆಂದು ನೋಡಲಾಗದು.

ಬಡವರ ನ್ಯಾಯಾಲಯಗಳು

ಅವರ ಮುಂದಿನ ಚಿತ್ರಗಳನ್ನು ಸಾಲಾಗಿ ಇಟ್ಟು ನೋಡಿದರೆ ಒಂದು ವಿಷಯ ತಾನಾಗಿ ಹೊಳೆಯುತ್ತದೆ. ಮೇಲಿಂದ ಮೇಲೆ ಅವರು ನ್ಯಾಯ ಹೇಳುವ ಕಟ್ಟೆಯತ್ತ ಹೋಗುತ್ತಾರೆ. ಗುಜರಾತದ ಹೆಣ್ಣುಮಕ್ಕಳೇ ನಡೆಸುವ ನ್ಯಾಯಕೂಟವನ್ನು ಕುರಿತು 'ನಾರೀ ಅದಾಲತ' ತೆಗೆದರು. ಪಂಚಾಯತಿಗಳಿಗೆ ಆರಿಸಿ ಬಂದ ಕರ್ನಾಟಕದ ಹೆಣ್ಣುಮಕ್ಕಳನ್ನು ಕುರಿತ ಚಿತ್ರಕ್ಕೆ 'ಇಟ್ಟ ಹೆಜ್ಜೆ ಮುಂದಕ್ಕ ತೆಗೀಬ್ಯಾಡಿ ಹಿಂದಕ್ಕ' (1995) ಎಂದು ನಮ್ಮ ಕಡೆಯ ಕನ್ನಡದಲ್ಲಿಯೇ ಹೆಸರಿಟ್ಟರು. 'ಇನ್ವೋಕಿಂಗ್ ಜಸ್ಟೀಸ್' (2011) ತಮಿಳುನಾಡಿನ ಮುಸ್ಲಿಂ ಹೆಣ್ಣುಮಕ್ಕಳು ತಮ್ಮದೇ ಜಮಾತನ್ನು ಕಟ್ಟಿಕೊಂಡ ವೃತ್ತಾಂತ. ಗಂಡಸರೇ ಕುಳಿತು ತಲಾಖ, ಜೀವನಾಂಶಗಳ ತೀರ್ಮಾನ ಹೇಳುತ್ತಿದ್ದ ಕಡೆ, ಅವಳ ಗೈರುಹಾಜರಿಯಲ್ಲಿ ಅವಳ ಬಾಳು ನಿಶ್ಚಯವಾಗುತ್ತಿದ್ದ ಕಡೆ, ಅವಳೇ ಬಂದು ಕುಳಿತದ್ದು ಆ ಚಿತ್ರದ ವಸ್ತು. ಹೈದರಾಬಾದ ವಿಶ್ವವಿದ್ಯಾಲಯದ ವಿದ್ಯಾರ್ಥಿ ರೋಹಿತ ವೇಮುಲನು 2016ರ ಜನೇವರಿಯಲ್ಲಿ ಪ್ರಾಣ ಬಿಟ್ಟ ಬಳಿಕ ಎದ್ದ ದಲಿತ ವಿದ್ಯಾರ್ಥಿಗಳ ಚಳವಳಿಯನ್ನು 'ವಿ ಹ್ಯಾವ್ ನಾಟ್ ಕಮ್ ಹಿಯರ್ ಟು ಡೈ' (2018) ದಾಖಲಿಸಿತು. ಅದೂ ನ್ಯಾಯ ಕೇಳುವವರದೇ ಕಥೆ. ವಿದ್ಯೆಯ ಮನೆಯಲ್ಲಿಯೇ ಕೇಳಬೇಕಾಗಿ ಬಂದದ್ದು ಅದರ ದುಃಖ.

'ದಿ ಅಡ್ವೊಕೇಟ್' (2007) ಎಂಬ ಚಿತ್ರ ನಮ್ಮ ಮೊದಲ ಪ್ರಶ್ನೆಗೇ ನೇರವಾಗಿ ಸಂಬಂಧಿಸಿದ್ದು. ಹೈದರಾಬಾದಿನ ಹಿರಿಯ ವಕೀಲ ಕೆ. ಜಿ. ಕಣ್ಣಬಿರಾನ್ (1929–2010) ಅವರ ಜೀವನ ಅದರ ವಿಷಯ. ತಮ್ಮ ಪಕ್ಷಗಾರರ ರಾಜಕೀಯವನ್ನು ಒಪ್ಪದಿದ್ದಾಗಲೂ ಅವರ ಹಕ್ಕಿಗಾಗಿ ವಾದಿಸಿದವರು, ಪೋಲೀಸರ 'ಎದುರುಕಾಳಗ'ದ ಸಾವುಗಳಿಗೆ ಸರಕಾರ ಉತ್ತರ ಹೇಳಬೇಕೆಂದು ಪಟ್ಟು ಹಿಡಿದವರು ಕಣ್ಣಬಿರಾನ್. ಪಕ್ಷ ಹಿಡಿದ ಚಿತ್ರಗಾರ್ತಿಯೊಬ್ಬಳು ಪಕ್ಷ ಹಿಡಿದ ವಕೀಲನೊಬ್ಬನಲ್ಲಿ ತನ್ನ ಕಸುಬಿನ ಧರ್ಮವನ್ನು ಹುಡುಕಿದಂತೆ ಈ ಚಿತ್ರ ತೋರುತ್ತದೆ. ಪಕ್ಷ ಹಿಡಿಯುವದು ತಪ್ಪಲ್ಲ. ಪಕ್ಷಗಾರನಿಗಾಗಿ ಸುಳ್ಳಾಡುವದು ತಪ್ಪು, ಪಕ್ಷಗಾರನ ಬಾಯನ್ನೇ ಕಟ್ಟಿ ತಾನೊಬ್ಬನೇ ಆಡುವದು ಇನ್ನೂ ದೊಡ್ಡ ತಪ್ಪು. ಆ ಎರಡನ್ನೂ ಬಿಟ್ಟವರ ವಕಾಲತ್ತು ಸಾಕ್ಷ್ಯಕ್ಕೆ ಮುಳುವಾಗುವದಿಲ್ಲ, ಅದಕ್ಕೆ ದಾರಿ ಮಾಡಿಕೊಡುತ್ತದೆ.

ಕೊರತೆಗಳು

ಗುಣ ಹೇಳಿದ ಮೇಲೆ ಕೊರತೆಯನ್ನೂ ಹೇಳುವದು ವಿಮರ್ಶೆಯ ಧರ್ಮ. ಒಬ್ಬನೇ ವ್ಯಕ್ತಿಯನ್ನು ನೆಚ್ಚಿದ 'ದಿ ಅಡ್ವೊಕೇಟ್'ನಂಥ ಚಿತ್ರಕ್ಕೆ ನಿಪ್ಪಾಣಿಯ ಗುಂಪಿನ ಮಾತಿಗಿದ್ದ ಕಸುವು ಬರುವದು ಕಠಿಣ; ಅಲ್ಲಿ ಬುದ್ಧಿ ಬೆಳಗುತ್ತದೆ, ಮೈ ಬೆಚ್ಚಗಾಗುವದು ಕಡಿಮೆ. ಎರಡನೆಯದು, ನಿಪ್ಪಾಣಿಯ ಚಿತ್ರ ಹೋರಾಟದ ಏರುಹೊತ್ತಿನಲ್ಲಿ ನಿಲ್ಲುತ್ತದೆ. ಏರಿದ ಕಾವು ಇಳಿದ ಮೇಲೆ, ಸಂಘದ ದಿನನಿತ್ಯದ ದಣಿವಿನಲ್ಲಿ ಆ ಹೆಣ್ಣುಮಕ್ಕಳು ಏನಾದರೆಂಬುದನ್ನು ಅದು ಹೇಳಲಾರದು. ಮೂರನೆಯ ಕೊರತೆ ಚಿತ್ರದ್ದಲ್ಲ, ನಮ್ಮದು. ಕರ್ನಾಟಕದ ನೆಲದಲ್ಲಿ ಬೆಂಗಳೂರಿನವರು ತೆಗೆದ ಈ ಚಿತ್ರ ಮರಾಠಿಯನ್ನಾಡುತ್ತದೆ, ಏಕೆಂದರೆ ಆ ಹೆಣ್ಣುಮಕ್ಕಳು ಮರಾಠಿ ಆಡುತ್ತಾರೆ. ಕನ್ನಡದ ವಿಮರ್ಶೆಯ ಪುಟಗಳಲ್ಲಿ ಅದರ ಹೆಸರು ಕಾಣುವದು ಅಪರೂಪ. 1967ರ ಮಹಾಜನ ವರದಿ ನಿಪ್ಪಾಣಿಯನ್ನು ಆ ಕಡೆಗೂ ಅಕ್ಕಲಕೋಟೆಯನ್ನು ಈ ಕಡೆಗೂ ಸೂಚಿಸಿತು. ಎರಡೂ ಇದ್ದಲ್ಲಿಯೇ ಉಳಿದವು. ಊರು ಯಾವ ಕಡೆಗೆ ಎಂಬ ವಾದದಲ್ಲಿ ಊರಲ್ಲಿ ಹೊಗೆಸೊಪ್ಪು ಕೇರುವವಳನ್ನು ಎರಡೂ ಕಡೆಯವರು ಮರೆತೆವು. ದೀಪಾ ಧನರಾಜ ಅವರ ಕ್ಯಾಮರಾ ಅವಳ ಭಾಷೆಯನ್ನು ಕೇಳಿತೇ ಹೊರತು ಅವಳ ನಕಾಶೆಯನ್ನು ಕೇಳಲಿಲ್ಲ.

ಯುಗಾಂತರದ ಚಿತ್ರಗಳನ್ನು ಬರ್ಲಿನ್ನಿನ ಆರ್ಸೆನಲ್ ಸಂಸ್ಥೆಯ ನೆರವಿನಿಂದ ಡಿಜಿಟಲ್ ರೂಪಕ್ಕೆ ತಂದಿರುವದರಿಂದ ಇಂದು ಅವು ಹೊಸ ನೋಡುಗರಿಗೆ ದೊರೆಯುವಂತಾಗಿವೆ. ನಿಪ್ಪಾಣಿಯ ಧೂಳಿನ ನೆನಪನ್ನು ಜರ್ಮನಿಯವರು ಕಾಯ್ದಿಡಬೇಕಾಯಿತೆಂಬುದು ಸಂತೋಷದ ಸಂಗತಿಯೂ ಹೌದು, ನಾಚಿಕೆಯ ಸಂಗತಿಯೂ ಹೌದು.

ಮತ್ತೆ ಕುಂಭಾರಿಗೆ

ನಿಪ್ಪಾಣಿಯ ಹೆಣ್ಣುಮಕ್ಕಳು ಒಂದೇ ವಖಾರದಲ್ಲಿ ಸೇರಿ ದುಡಿದುದರಿಂದ ಒಬ್ಬಳ ಮಾತು ಇನ್ನೊಬ್ಬಳ ಕಿವಿಗೆ ಬೀಳುತ್ತಿತ್ತು. ನಮ್ಮ ವಸಾಹತಿನವಳು ಎಲೆ, ತಂಬಾಕು, ದಾರಗಳನ್ನು ಮನೆಗೆ ತಂದು ಹೊಸ್ತಿಲಲ್ಲಿ ಒಬ್ಬಳೇ ಕುಳಿತು ಸಾವಿರದ ಲೆಕ್ಕದಲ್ಲಿ ಬೀಡಿ ಕಟ್ಟುತ್ತಾಳೆ. ಸರಿಯಿಲ್ಲವೆಂದು ತೆಗೆದುಹಾಕಿದ ಬೀಡಿಯ ನಷ್ಟ ಅವಳದೇ. 1966ರ ಬೀಡಿ ಕಾರ್ಮಿಕರ ಕಾನೂನು ಮನೆಯಲ್ಲಿ ಕುಳಿತು ಕಟ್ಟುವವಳನ್ನೂ ಕಾರ್ಮಿಕಳೆಂದು ಒಪ್ಪಿದೆ. ಆದರೆ ಶಾಲೆಯ ದಾಖಲೆ ಒಪ್ಪಿದೆಯೇ? ಪ್ರವೇಶದ ಅರ್ಜಿಯಲ್ಲಿ ತಾಯಿಯ ಉದ್ಯೋಗವೆಂಬಲ್ಲಿ 'ಮನೆಗೆಲಸ' ಎಂದು ಬರೆದು ಮುಂದಿನ ಹೆಸರಿಗೆ ಹೋದ ಮಾಸ್ತರರಲ್ಲಿ ಈ ಲೇಖಕನೂ ಒಬ್ಬ. ಎದುರಿಗೇ ನಿಂತಿದ್ದವಳನ್ನು, ಅವಳ ಬೆರಳ ತುದಿಯ ಕಂದುಬಣ್ಣವನ್ನು ಕಂಡೂ ಕೇಳಲಿಲ್ಲ. ಅವಳ ಪರವಾಗಿ ನಾನೇ ಉತ್ತರ ಬರೆದೆ. ತಪ್ಪು ಉತ್ತರ ಬರೆದೆ. ಅದು ಕೆಟ್ಟ ವಕಾಲತ್ತು.

ವಸಾಹತಿಗೆ ಹೆಸರು ಕೊಟ್ಟ ಗೋದೂತಾಯಿಯವರೂ ಕಾನೂನು ಓದಿದವರು. ವಾರಲಿ ಜನರ ನಡುವೆ ಹೋಗಿ ಅವರ ಹೋರಾಟದಲ್ಲಿ ಬೆರೆತು, ಆ ಅನುಭವವನ್ನು 'ಜೇವ್ಹಾ ಮಾಣೂಸ ಜಾಗಾ ಹೋತೋ' ಎಂಬ ಮರಾಠಿ ಗ್ರಂಥದಲ್ಲಿ ಬರೆದಿಟ್ಟವರು. ಮನುಷ್ಯ ಎಚ್ಚರಗೊಳ್ಳುವಾಗ ಎಂಬುದು ಆ ಹೆಸರಿನ ಭಾವ. ಎಚ್ಚರಗೊಳ್ಳಬೇಕಾದವರು ಕೂಲಿಯವರು ಮಾತ್ರ ಎಂದು ನಾವು ಓದುಬರಹದವರು ಬಹುಕಾಲ ತಿಳಿದುಕೊಂಡೆವು. ದೀಪಾ ಧನರಾಜ ಅವರ ಚಿತ್ರಗಳು ಆ ತಿಳಿವಳಿಕೆಯನ್ನು ತಿದ್ದುತ್ತವೆ. ದುಡಿಯುವವಳು ಎಚ್ಚರವಾಗಿಯೇ ಇದ್ದಾಳೆ, ಕೇಳುವವರು ಎಚ್ಚರಗೊಳ್ಳಬೇಕಾಗಿದೆ.

ನಮ್ಮ ಸಂಘದ ಶಾಲೆಗಳಲ್ಲಿ ಒಂದು ಸಾಯಂಕಾಲ ಪಾಲಕರ ಸಭೆಗೆ ತಾಯಂದಿರನ್ನು ಕರೆದು ನಿಪ್ಪಾಣಿಯ ಚಿತ್ರವನ್ನು ತೋರಿಸುವದು ದೊಡ್ಡ ಖರ್ಚಿನ ಮಾತಲ್ಲ. ಅರ್ಧ ಗಂಟೆಯಲ್ಲಿ ಮುಗಿಯುತ್ತದೆ. ಅದು ಮುಗಿದ ಮೇಲೆ ಮಾಸ್ತರರು ಭಾಷಣ ಮಾಡದೆ ಸುಮ್ಮನಿರಬೇಕು. ಯಾರು ಮೊದಲು ಮಾತಾಡುವರೋ, ಯಾವ ಭಾಷೆಯಲ್ಲಿ ಮಾತಾಡುವರೋ, ತೆಲುಗೋ ಮರಾಠಿಯೋ ಕನ್ನಡವೋ ಉರ್ದುವೋ, ಅದನ್ನು ಹಾಗೆಯೇ ಬರೆದುಕೊಳ್ಳಬೇಕು. ಮರುದಿನ ಆ ದಾಖಲೆಯ ಪುಸ್ತಕವನ್ನು ತೆರೆದು, 'ಮನೆಗೆಲಸ' ಎಂಬುದನ್ನು ಹೊಡೆದು, ಅವಳು ಹೇಳಿದ್ದನ್ನು ಬರೆಯಬೇಕು.